ಆಫೀಸಿಗೆ ರೋಡ್ ಬೈಕ್: ಎತ್ತಿ ನೋಡಬೇಡಿ, ಬಗ್ಗಿ ನೋಡಿ

ಮೊದಲ ರೋಡ್ ಬೈಕ್ (ಬಾಗಿದ ಹ್ಯಾಂಡಲ್ಲಿನ, ತೆಳ್ಳನೆ ಟೈರಿನ ಸೈಕಲ್) ಕೊಳ್ಳಲು ನಮ್ಮ ಅಂಗಡಿಗೆ ಬಂದವರು ಮಾಡುವ ಮೊದಲ ಕೆಲಸ, ಸೈಕಲನ್ನು ಒಂದೇ ಕೈಯಲ್ಲಿ ಎತ್ತಿ ನೋಡುವುದು. ಮುಖ ಅರಳುತ್ತದೆ. ಆಮೇಲೆ ಕೇಳುವುದು, "ಇದಕ್ಕೆ ಎಷ್ಟು ಗೇರ್ ಸರ್?" ದಿನಾ ಆಫೀಸಿಗೆ ಹೋಗಿಬರುವ ಸೈಕಲ್ಲಿಗೆ ಇವೆರಡೂ ಕೊನೆಗೆ ನೋಡಬೇಕಾದ ವಿಷಯ. ಲ್ಯಾಪ್‌ಟಾಪ್, ಚಾರ್ಜರ್, ಬದಲಿ ಬಟ್ಟೆ, ಊಟದ ಡಬ್ಬಿ, ಬೀಗ ಎಲ್ಲ ಸೇರಿ ಹೇಗೂ 6–7 ಕಿಲೋ ಹೊರುತ್ತೀರಿ. ಅದರ ಮುಂದೆ ಸೈಕಲ್ ಒಂದು ಕಿಲೋ ಹಗುರ ಇದ್ದರೆಷ್ಟು, ಬಿಟ್ಟರೆಷ್ಟು?

ನಾನು ನೋಡುವುದು ಟೈರಿಗೂ ಫ್ರೇಮಿಗೂ ನಡುವೆ ಇರುವ ಸಂದನ್ನು. ಇದಕ್ಕೆ ಕಾರಣ ಇದೆ. ಸೀಟು, ಪೆಡಲ್, ಟೈರು, ಹಿಂದಿನ ಹಲ್ಲುಚಕ್ರ, ಇವನ್ನೆಲ್ಲ ಆಮೇಲೆ ಬದಲಾಯಿಸಬಹುದು. ಫ್ರೇಮಿನ ಅಳತೆ, ಅದರೊಳಗೆ ಎಷ್ಟು ದಪ್ಪದ ಟೈರು ಹಿಡಿಸುತ್ತದೆ ಅನ್ನುವುದು, ಮಡ್‌ಗಾರ್ಡಿಗೆ, ಕ್ಯಾರಿಯರ್‌ಗೆ ಬೋಲ್ಟ್ ಹಾಕುವ ತೂತು, ಡಿಸ್ಕ್ ಬ್ರೇಕೋ ರಿಮ್ ಬ್ರೇಕೋ ಅನ್ನುವುದು, ಇವು ಕೊಂಡ ದಿನ ಹೇಗಿದ್ದವೋ ಕೊನೆತನಕ ಹಾಗೇ. ಬದಲಾಯಿಸಲು ಆಗದ್ದನ್ನು ಮೊದಲು ನೋಡಿ. ಮಿಕ್ಕಿದ್ದು ಸಂಬಳ ಬಂದಾಗ ಒಂದೊಂದಾಗಿ ಮಾಡಿಸಿಕೊಳ್ಳಬಹುದು.

ಅದಕ್ಕೂ ಮುಂಚೆ, ನಿಮಗೆ ರೋಡ್ ಬೈಕೇ ಬೇಕಾ ಅಂತ ಕೇಳಿಕೊಳ್ಳಿ. ಆಫೀಸು 4–5 ಕಿ.ಮೀ. ಒಳಗಿದ್ದು ದಾರಿ ತುಂಬ ಸಿಗ್ನಲ್ ಇದ್ದರೆ ನೆಟ್ಟಗಿನ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ ಸಾಕು. ದುಡ್ಡು ಉಳಿಯುತ್ತದೆ, ಕಳ್ಳರ ಕಣ್ಣೂ ಅಷ್ಟಾಗಿ ಬೀಳುವುದಿಲ್ಲ. ಅರ್ಧ ದಾರಿ ಮೆಟ್ರೋದಲ್ಲಿ ಹೋಗುವವರು ಮಡಚುವ ಸೈಕಲ್ ತೆಗೆದುಕೊಳ್ಳಿ. ನಮ್ಮ ಮೆಟ್ರೋ ಒಳಗೆ ಮಡಚಿದ ಸೈಕಲ್ಲಿಗೆ ಅವಕಾಶ ಇದೆ, ರೋಡ್ ಬೈಕಿಗೆ ಇಲ್ಲ. ಒಂದು ಕಡೆಗೆ 8 ಕಿ.ಮೀ. ದಾಟಿದರೆ ರೋಡ್ ಬೈಕಿನ ಸುಖ ಗೊತ್ತಾಗತೊಡಗುತ್ತದೆ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಕಾರು 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಸ್ವಲ್ಪ ರೂಢಿಯಾದವರು ರೋಡ್ ಬೈಕಿನಲ್ಲಿ ಗಂಟೆಗೆ 20 ಕಿ.ಮೀ. ಆರಾಮಾಗಿ ತುಳಿಯುತ್ತಾರೆ. ಅಂದರೆ ಅದೇ ದೂರಕ್ಕೆ ಅರ್ಧ ಗಂಟೆ. ಪಾರ್ಕಿಂಗ್ ಹುಡುಕುವ ಗೋಳೂ ಇಲ್ಲ.

ಈಗ ಆ ಸಂದಿಗೆ ಬರೋಣ. ಹಳೆಯ ರೇಸ್ ಸೈಕಲ್ಲುಗಳಿಗೆ 23 ಮಿ.ಮೀ. ಟೈರು ಬರುತ್ತಿತ್ತು. ಆಮೇಲೆ 25 ಆಯಿತು. ನಮ್ಮ ಊರಿನ ರಸ್ತೆಗೆ ಕನಿಷ್ಠ 28 ಬೇಕು, 32 ಆದರೆ ಇನ್ನೂ ಒಳ್ಳೆಯದು. ದಪ್ಪ ಟೈರು ನಿಧಾನ ಅನ್ನುವ ಮಾತು ನಮ್ಮ ರಸ್ತೆಯಲ್ಲಿ ನಿಲ್ಲುವುದಿಲ್ಲ. ತೆಳ್ಳನೆಯ ಗಟ್ಟಿ ಟೈರು ಪ್ರತಿ ಉಬ್ಬಿಗೂ ಪುಟಿಯುತ್ತದೆ. ತುಳಿದ ಶಕ್ತಿಯೆಲ್ಲ ನಿಮ್ಮನ್ನು ಮೇಲಕ್ಕೆ ಕುಕ್ಕುವುದರಲ್ಲೇ ಹೋಗುತ್ತದೆ.

ಬನಶಂಕರಿಯಿಂದ ಮಾರತಹಳ್ಳಿ ಕಡೆಗೆ ಹೋಗುವ ಹುಡುಗನೊಬ್ಬ ಅಣ್ಣನ ಹಳೇ ರೇಸ್ ಸೈಕಲ್ ತಂದಿದ್ದ. ಪದೇ ಪದೇ ಪಂಕ್ಚರ್, ಮೊಳೆ ಮಾತ್ರ ಎಲ್ಲೂ ಸಿಕ್ಕಿಲ್ಲ. ಟ್ಯೂಬು ಬಿಚ್ಚಿ, ಗಾಳಿ ತುಂಬಿ, ನೀರಿನ ಟಬ್ಬಿನಲ್ಲಿ ಮುಳುಗಿಸಿದರೆ ಎರಡು ಕಡೆಯಿಂದ ಗುಳ್ಳೆ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಇದು ಮೊಳೆಯ ಕೆಲಸ ಅಲ್ಲ. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಟೈರು ಪೂರ್ತಿ ಚಪ್ಪಟೆಯಾಗಿ, ಗುಂಡಿಯ ಅಂಚಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬು ಸಿಕ್ಕಿ ಹಿಸುಕಿದೆ. "28ರ ಟೈರು ಹಾಕಿಬಿಡಿ ಅಣ್ಣಾ" ಅಂದ. ಹಾಕಿ ನೋಡಿದೆವು. ಮೇಲುಗಡೆ ಬ್ರೇಕಿನ ಕಮಾನಿಗೆ ಟೈರು ಉಜ್ಜುತ್ತಿತ್ತು, ಚಕ್ರ ತಿರುಗಲೇ ಇಲ್ಲ. ಆ ಫ್ರೇಮಿನ ಯೋಗ್ಯತೆಯೇ 25ಕ್ಕೆ ಮುಗಿದಿತ್ತು. ಮುಂದಿನ ತಿಂಗಳು ಅವನು ಅದನ್ನು ಮಾರಿ ಬೇರೆ ಕೊಂಡ.

ಅಂಗಡಿಯಲ್ಲಿ ಹೀಗೆ ಮಾಡಿ: ಕೂತು, ಹಿಂದಿನ ಟೈರಿನ ಎರಡು ಪಕ್ಕ ಮತ್ತು ಮೇಲೆ ಎಷ್ಟು ಜಾಗ ಇದೆ ನೋಡಿ. ಇರುವ ಟೈರು 28 ಆಗಿದ್ದು, ಸುತ್ತ ಕಿರುಬೆರಳಿನ ತುದಿ ತೂರುವಷ್ಟು ಜಾಗ ಇದ್ದರೆ ನಿಶ್ಚಿಂತೆ. 32 ಹಾಕಬಹುದು, ಇಲ್ಲವೇ 28 ಇಟ್ಟುಕೊಂಡು ಮಡ್‌ಗಾರ್ಡ್ ಹಾಕಬಹುದು. ಎಷ್ಟರವರೆಗೆ ಹಿಡಿಸುತ್ತದೆ ಅಂತ ಕಂಪನಿಯವರ ಪಟ್ಟಿಯಲ್ಲೂ ಕೊಟ್ಟಿರುತ್ತಾರೆ, ಕೇಳಿ ತಿಳಿದುಕೊಳ್ಳಿ. ಬೆಂಗಳೂರಿನವರಿಗೆ ಇದು ಜಾಸ್ತಿ ಮುಖ್ಯ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆ ಅಂತಲೇ ಕಂಬ ನೆಟ್ಟು ಲೇನ್ ಮಾಡಿದ್ದರು. ಮೆಟ್ರೋ ಕಾಮಗಾರಿಯಲ್ಲಿ ಅದು ಹೋಯಿತು. ಈಗ ನಮಗೆ ಸಿಗುವುದು ರಸ್ತೆಯ ಎಡ ಅಂಚು. ಗಾಜಿನ ಚೂರು, ಜಲ್ಲಿ, ಚರಂಡಿ ಜಾಲರಿ ಎಲ್ಲ ಇರುವುದೂ ಅಲ್ಲೇ. ಜಾಲರಿಯ ಕಂಬಿಗಳು ರಸ್ತೆಯ ಉದ್ದಕ್ಕೇ ಇದ್ದರೆ 23ರ ಟೈರು ನೇರ ಒಳಗಿಳಿಯುತ್ತದೆ.

ಗಾಳಿ ಎಷ್ಟು? 70 ಕಿಲೋ ತೂಗುವವರು 28ರ ಟೈರಿಗೆ ಹಿಂದೆ ಸುಮಾರು 80, ಮುಂದೆ 70 ಪಿಎಸ್‌ಐ ಇಟ್ಟು ನೋಡಿ. 32ಕ್ಕೆ 60ರ ಆಸುಪಾಸು ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿಯನ್ನು ಮಾತ್ರ ದಾಟಬೇಡಿ. ವಾರಕ್ಕೊಮ್ಮೆ ಗಾಳಿ ನೋಡಲೇಬೇಕು, ಸಣ್ಣ ಟೈರಿನಿಂದ ಗಾಳಿ ತಾನಾಗಿಯೇ ಇಳಿಯುತ್ತದೆ.

ಇಲ್ಲಿ ಹೊಸಬರಿಗೆ ಒಂದು ಪೇಚು ಕಾದಿರುತ್ತದೆ. ಬಹಳಷ್ಟು ರೋಡ್ ಬೈಕಿಗೆ ಪ್ರೆಸ್ಟಾ ವಾಲ್ವ್ ಇರುತ್ತದೆ, ತೆಳ್ಳಗೆ ಉದ್ದಕ್ಕೆ. ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ, ಅದು ಕಾರು, ಸ್ಕೂಟರಿನ ಸ್ಕ್ರೇಡರ್ ವಾಲ್ವಿಗೆ ಮಾಡಿದ್ದು. ಟ್ಯೂಬೇ ಬದಲಾಯಿಸೋಣ ಅಂದರೆ ರಿಮ್ಮಿನ ತೂತು 6.5 ಮಿ.ಮೀ., ಸ್ಕ್ರೇಡರ್‌ಗೆ ಬೇಕಾದ್ದು 8.5. ಪರಿಹಾರ ಒಂದು ಹಿತ್ತಾಳೆ ಅಡಾಪ್ಟರ್. ಹೆಬ್ಬೆರಳಿನ ಉಗುರಿನಷ್ಟು ಇರುತ್ತದೆ, ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ. ಕೀಚೈನಿಗೆ ಹಾಕಿಕೊಳ್ಳಿ. ವಾಲ್ವಿನ ತುದಿಯ ಪುಟ್ಟ ನಟ್ಟನ್ನು ಮೇಲಕ್ಕೆ ತಿರುಗಿಸಿ, ಬೆರಳಿನಲ್ಲಿ ಒಮ್ಮೆ ಒತ್ತಿ 'ಸ್ಸ್' ಅನ್ನಿಸಿ, ಆಮೇಲೆ ಅಡಾಪ್ಟರ್ ತಿರುಪಿ. ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಪ್ಯಾಚು ಚೆನ್ನಾಗಿಯೇ ಹಾಕುತ್ತಾರೆ, ಆದರೆ ರೋಡ್ ಬೈಕಿನ 700 ಅಳತೆಯ ಟ್ಯೂಬು ಅವರ ಹತ್ತಿರ ಸಿಗುವುದು ಕಷ್ಟ. ಒಂದು ಟ್ಯೂಬು, ಟೈರು ಕಳಚಲು ಎರಡು ಪ್ಲಾಸ್ಟಿಕ್ ಲಿವರ್, ಒಂದು ಸಣ್ಣ ಪಂಪು ನಿಮ್ಮ ಜೊತೆಗೇ ಇರಲಿ. ಟ್ಯೂಬು ಬದಲಾಯಿಸುವುದನ್ನು ಕೊಂಡ ದಿನವೇ ಅಂಗಡಿಯವರಿಂದ ಕಲಿತುಕೊಂಡು ಹೋಗಿ. ಯಾರೂ ಇಲ್ಲ ಅನ್ನುವುದಿಲ್ಲ.

ಮಡ್‌ಗಾರ್ಡ್ ಬಗ್ಗೆ ಹೇಳಿದರೆ ಹುಡುಗರು ಮೂಗು ಮುರಿಯುತ್ತಾರೆ. ಸೈಕಲ್ ಅಂದಗೆಡುತ್ತದಂತೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆಯಲ್ಲಿ ಒಂದು ಸಲ ನೆಂದು, ಬೆನ್ನ ಮೇಲೆ ಉದ್ದಕ್ಕೆ ಕೆಸರಿನ ಪಟ್ಟೆ ಹೊಡೆಸಿಕೊಂಡು ಬಂದ ಮೇಲೆ ತಾವೇ ಕೇಳುತ್ತಾರೆ. ಆಗ ಫ್ರೇಮಿನಲ್ಲಿ ತೂತು ಇರಬೇಕಲ್ವಾ? ಹಿಂದಿನ ಚಕ್ರದ ಆಕ್ಸಲ್ ಹತ್ತಿರ, ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ಕೆಳಗೆ, ಸೀಟಿನ ಕೆಳಗಿನ ಕೊಳವೆಗಳಲ್ಲಿ ಬೋಲ್ಟ್ ತಿರುಪುವ ಸಣ್ಣ ತೂತುಗಳನ್ನು ಹುಡುಕಿ. ಹಿಂದೆ ಎರಡು ಜೊತೆ ಇದ್ದರೆ ಮಡ್‌ಗಾರ್ಡೂ ಆಯಿತು, ಕ್ಯಾರಿಯರ್ರೂ ಆಯಿತು. ಬೆನ್ನಿಗೆ ಬ್ಯಾಗು ಹಾಕಿದರೆ ಚಳಿಗಾಲದಲ್ಲೂ ಅಂಗಿ ತೊಪ್ಪೆ. ಬ್ಯಾಗನ್ನು ಕ್ಯಾರಿಯರ್ ಪಕ್ಕಕ್ಕೆ ನೇತುಹಾಕಿದರೆ ಬೆನ್ನಿಗೆ ಗಾಳಿ ಆಡುತ್ತದೆ. ಒಂದೇ ಎಚ್ಚರಿಕೆ, ರೋಡ್ ಬೈಕಿನ ಹಿಂಭಾಗ ಗಿಡ್ಡ. ಬ್ಯಾಗನ್ನು ಆದಷ್ಟು ಹಿಂದಕ್ಕೆ ಸರಿಸದಿದ್ದರೆ ತುಳಿಯುವಾಗ ಹಿಮ್ಮಡಿ ಬಡಿಯುತ್ತದೆ.

ಬ್ರೇಕಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ. ದುಡ್ಡಿದ್ದರೆ ಡಿಸ್ಕ್ ತೆಗೆದುಕೊಳ್ಳಿ. ಮಳೆಯಲ್ಲಿ ರಿಮ್ ಬ್ರೇಕಿನ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಮುಂದಿನ ಆಟೋ ಬಂದೇ ಬಿಟ್ಟಿರುತ್ತದೆ. ಕೆಸರಿನ ಮರಳು ಸೇರಿ ರಿಮ್ಮೂ ಸವೆಯುತ್ತದೆ. ಡಿಸ್ಕ್ ಫ್ರೇಮುಗಳಲ್ಲಿ ದಪ್ಪ ಟೈರಿಗೆ ಜಾಗವೂ ಜಾಸ್ತಿ. ಡಿಸ್ಕಿನಲ್ಲಿ ಎರಡು ಬಗೆ, ಕೇಬಲ್ಲಿನದು ಮತ್ತು ಆಯಿಲಿನದು. ಆಯಿಲಿನದು ಹಿಡಿಯುವ ಬಗೆಯೇ ಬೇರೆ, ಆದರೆ ರಿಪೇರಿಗೆ ಕೈ ಪಳಗಿದವರು ಬೇಕು. ಅಂಥ ಮೆಕ್ಯಾನಿಕ್ ಊರಿನಲ್ಲಿ ಇಲ್ಲದಿದ್ದರೆ ಕೇಬಲ್ ಡಿಸ್ಕ್ ವಾಸಿ, ಒಂದು ಅಲೆನ್ ಕೀ ಇದ್ದರೆ ಮನೆಯಲ್ಲೇ ಬಿಗಿ ಮಾಡಬಹುದು. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ಡಿಸ್ಕಿಗೆ ಮಾತ್ರ ಹನಿಯೂ ತಾಗಬಾರದು. ಎಣ್ಣೆ ಕುಡಿದ ಪ್ಯಾಡು ಆಮೇಲೆ ಕಿರುಚುತ್ತದೆ, ಹಿಡಿಯುವುದಿಲ್ಲ.

ಗೇರ್ ಎಷ್ಟು ಅನ್ನುವುದಕ್ಕಿಂತ ತುಳಿಯಲು ಅತಿ ಹಗುರದ ಗೇರ್ ಯಾವುದು ಅಂತ ಕೇಳಿ. ಮುಂದೆ 50–34 ಹಲ್ಲಿನ ಎರಡು ಚಕ್ರ ಇರುವ ಸೈಕಲ್ ತೆಗೆದುಕೊಳ್ಳೋಣ. ಮುಂದೆ 50, ಹಿಂದೆ 11 ಹಲ್ಲಿನದು ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 9.7 ಮೀಟರ್ ಹೋಗುತ್ತದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 46 ಕಿ.ಮೀ. ದಾಟುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದನ್ನು ಎಲ್ಲಿ ಹಾಕುತ್ತೀರಿ? ಇನ್ನೊಂದು ತುದಿ ನೋಡಿ. ಮುಂದೆ 34, ಹಿಂದೆ 28 ಇದ್ದರೆ ಒಂದು ಸುತ್ತಿಗೆ 2.6 ಮೀಟರ್, ಹಿಂದೆ 32 ಇದ್ದರೆ 2.3 ಮೀಟರ್. ಈ ಒಂದಡಿ ವ್ಯತ್ಯಾಸ ಫ್ಲೈಓವರ್ ಏರುವಾಗ ಮೊಣಕಾಲಿಗೆ ಗೊತ್ತಾಗುತ್ತದೆ. ಮಂಗಳೂರಿನ ಬಾವುಟಗುಡ್ಡ ಹತ್ತಿ ಕೆಲಸಕ್ಕೆ ಹೋಗುವವರು ಹಿಂದೆ 32 ಅಥವಾ 34 ಹಲ್ಲಿನ ಚಕ್ರ ಇಲ್ಲದ ಸೈಕಲ್ ಕಡೆ ನೋಡಲೇಬೇಡಿ. ಮೈಸೂರಿನವರಿಗೆ 28 ಹಲ್ಲಿನದು ನಡೆದೀತು, ಚಾಮುಂಡಿ ಬೆಟ್ಟ ಹತ್ತುವ ಆಸೆ ಹುಟ್ಟುವ ತನಕ. ಗೇರ್ ಮಾಡುವ ಶಿಮಾನೋ ಕಂಪನಿಯ ಹೆಸರುಗಳ ಪೈಕಿ ಕ್ಲಾರಿಸ್ ಅಂದರೆ ಹಿಂದೆ 8 ಹಲ್ಲುಚಕ್ರ, ಸೋರಾ 9, ಟಿಯಾಗ್ರಾ 10. ಆಫೀಸಿಗೆ ಕ್ಲಾರಿಸ್ ಧಾರಾಳವಾಗಿ ಸಾಕು. ಅದರ ಚೈನೂ ಅಗ್ಗ.

ಅಳತೆ ವಿಷಯದಲ್ಲಿ ಮಾತ್ರ ರಾಜಿ ಆಗಬೇಡಿ. ಕುಳ್ಳಗಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಂಗಡಿಯಲ್ಲಿ ಇರುವುದನ್ನೇ ದಾಟಿಸುವ ಚಾಳಿ ನಮ್ಮ ಕಸುಬಿನಲ್ಲಿ ಇದೆ. "ಸೀಟು ಇಳಿಸಿದರೆ ಸರಿಹೋಗುತ್ತೆ ಮೇಡಂ" ಅನ್ನುತ್ತಾರೆ. ಸೀಟು ಇಳಿಯುತ್ತದೆ, ನಿಜ. ಸೀಟಿನಿಂದ ಹ್ಯಾಂಡಲ್ಲಿಗೆ ಇರುವ ದೂರ ಇಳಿಯುವುದಿಲ್ಲ. ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಗಿಡ್ಡ ಕೊಳವೆ) ಬದಲಾಯಿಸಿ ಒಂದೆರಡು ಸೆಂ.ಮೀ. ಹತ್ತಿರ ತರಬಹುದು, ಅದಕ್ಕಿಂತ ಜಾಸ್ತಿ ಎಳೆದರೆ ಸೈಕಲ್ ಹಿಡಿತ ಕೆಡುತ್ತದೆ. ಕೈ ಜೋಮು ಹಿಡಿಯುವುದು, ಕುತ್ತಿಗೆ ನೋವು, ಇವಕ್ಕೆ ಬಹಳ ಸಲ ಉದ್ದದ ಫ್ರೇಮೇ ಕಾರಣ. ಸೀಟಿನ ಎತ್ತರಕ್ಕೆ ಸುಲಭದ ದಾರಿ ಇದೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ಬೇಕಾದಷ್ಟೇ ಮಡಚಿರುತ್ತದೆ. ಕಾಲಿನ ಒಳ ಅಳತೆಯನ್ನು 0.883ರಿಂದ ಗುಣಿಸುವ ಸೂತ್ರವೂ ಉಂಟು. ಮೊದಲ ಸೈಕಲ್ಲಿಗೆ ಹಿಮ್ಮಡಿ ಸಾಕು.

ಬಾಗಿದ ಹ್ಯಾಂಡಲ್ ನೋಡಿ ಹೆದರಬೇಡಿ. ಟ್ರಾಫಿಕ್ಕಿನಲ್ಲಿ ಯಾರೂ ಕೆಳಗಿನ ಬಾಗು ಹಿಡಿಯುವುದಿಲ್ಲ, ಬ್ರೇಕ್ ಲಿವರಿನ ಮೇಲಿನ ರಬ್ಬರ್ ಗುಬ್ಬದ ಮೇಲೇ ಕೈ ಇರುತ್ತದೆ. ಅಲ್ಲಿಂದ ಬ್ರೇಕು ನಿಮ್ಮ ಬೆರಳಿಗೆ ಎಟುಕಬೇಕು. ಸಣ್ಣ ಕೈಯವರಿಗೆ ಲಿವರನ್ನು ಹತ್ತಿರ ತರುವ ಸ್ಕ್ರೂ ಅನೇಕ ಮಾದರಿಗಳಲ್ಲಿದೆ, ಅದನ್ನು ಸರಿ ಮಾಡಿಸಿಕೊಂಡೇ ಹೊರಡಿ. ಟೆಸ್ಟ್ ರೈಡಿಗೆ ನಿಮ್ಮ ಆಫೀಸ್ ಬ್ಯಾಗನ್ನೂ ತನ್ನಿ. ಒಂದು ಹಂಪ್ ಹಾರಿಸಿ, ಒಂದು ಏರು ಹತ್ತಿಸಿ, ಹಿಂದೆ ತಿರುಗಿ ನೋಡಿ. ತಿರುಗಿದಾಗ ಸೈಕಲ್ ಬಲಕ್ಕೆ ಎಳೆದರೆ ನಿಮಗೆ ಅದು ಇನ್ನೂ ಹೊಂದಿಕೊಂಡಿಲ್ಲ ಅಂತ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಲ್ಯೂಮಿನಿಯಂ ಅಥವಾ ಸ್ಟೀಲ್ ಫ್ರೇಮೇ ಕೊಳ್ಳಿ. ಕಾರ್ಬನ್ ಒಳಗೆ ಬಿರುಕು ಬಿಟ್ಟಿದ್ದರೆ ಹೊರಗಿನಿಂದ ನೋಡಿ ಹೇಳುವುದು ನಮಗೂ ಕಷ್ಟ. ಟೇಪು ಹಿಡಿದು ಚೈನ್ ಅಳೆಯಿರಿ. ಒಳಕೊಂಡಿ ಹೊರಕೊಂಡಿ ಸೇರಿ ಒಂದು ಜೋಡಿ ಅಂದರೆ ಹೊಸ ಚೈನಿನ 12 ಜೋಡಿ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಾಯಿಸಬೇಕು. ಎಂಟನೇ ಒಂದು ಭಾಗ ಬಂದರೆ ಹಿಂದಿನ ಹಲ್ಲುಚಕ್ರಗಳೂ ಹೋಗಿವೆ, ಆ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಳ್ಳಿ. ಕೊನೆಗೆ ಸೈಕಲನ್ನು ತಲೆಕೆಳಗು ಮಾಡಿ. ಪೆಡಲ್ ಆಕ್ಸಲ್ ಇರುವ ಡಬ್ಬದ ತಳದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೆತ್ತಿರುತ್ತಾರೆ. ಅದನ್ನು ಉಜ್ಜಿ ಅಳಿಸಿದ್ದರೆ ಮಾತೇ ಬೇಡ, ಎದ್ದು ಬನ್ನಿ. ಹೊಸದಾದರೆ ಆ ನಂಬರಿನ ಫೋಟೋ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಸೈಕಲ್ ಕಳೆದರೆ ಸ್ಟೇಷನ್ನಿನಲ್ಲಿ ನಿಮ್ಮದು ಅಂತ ತೋರಿಸಲು ಬೇಕಾಗುತ್ತದೆ.