ಪದ ಪರಿಚಯ: ಅಣು ಸ್ಥಾವರದ ವಿ.ಆರ್. ಸಿಮ್ಯುಲೇಶನ್

ತುಮಕೂರಿನ ಕಾಲೇಜು ಮಕ್ಕಳಿಗೆ ವಿ.ಆರ್. (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಅಂದರೆ ಮೊದಲು ನೆನಪಾಗುವುದು ಗೇಮ್. ಅಣು ವಿದ್ಯುತ್ ಸ್ಥಾವರದಲ್ಲಿ ಅದಕ್ಕೆ ಬೇರೆಯೇ ಕೆಲಸ. ರಿಯಾಕ್ಟರ್ ಕಟ್ಟಡದ ಒಳಭಾಗವನ್ನು ಕಂಪ್ಯೂಟರ್‌ನಲ್ಲಿ ಇದ್ದ ಹಾಗೇ ಕಟ್ಟುತ್ತಾರೆ. ಹೆಡ್‌ಸೆಟ್ ಹಾಕಿಕೊಂಡವರು ಅದರೊಳಗೆ ಓಡಾಡಿ ಕೆಲಸ ಕಲಿಯುತ್ತಾರೆ. ಇದೇ ವಿ.ಆರ್. ಸಿಮ್ಯುಲೇಶನ್.

ನಮ್ಮ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಲ್ಲಿ ಹೊಸಬರನ್ನು ಪ್ಯಾನೆಲ್ ಪಕ್ಕದಲ್ಲೇ ನಿಲ್ಲಿಸಿ ತೋರಿಸಬಹುದು. ಕೈಗಾದಲ್ಲಿ ಹಾಗಾಗುವುದಿಲ್ಲ. ಅಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಇಂಥ ರಿಯಾಕ್ಟರ್ ನಡೆಯುತ್ತಿರುವಾಗ ಕೆಲವು ಕೋಣೆಗಳಿಗೆ ಯಾರೂ ಕಾಲಿಡುವಂತಿಲ್ಲ. ನಿಂತಾಗಲೂ ಒಳಗೆ ಹೋದವರ ಮೈಗೆ ಎಷ್ಟು ವಿಕಿರಣ ತಾಗಿತು ಎಂದು ಲೆಕ್ಕ ಇಡುತ್ತಾರೆ. ಭಾರತದ ನಿಯಮದಂತೆ ಮಿತಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣ, ಅಂದರೆ ಡೋಸ್ ಅಳೆಯುವ ಮಾನ), ಅದೂ ಐದು ವರ್ಷದ ಸರಾಸರಿಯಲ್ಲಿ. ಯಾವ ವರ್ಷವೂ 30 ದಾಟುವಂತಿಲ್ಲ.

ಒಳಗೊಂದು ವಾಲ್ವ್ ಬಿಚ್ಚಬೇಕು ಅಂದುಕೊಳ್ಳಿ. ಯಾವ ಬಾಗಿಲಿಂದ ಹೋಗಬೇಕು, ಏಣಿ ಎಲ್ಲಿದೆ, ಸ್ಪ್ಯಾನರ್ ತಿರುಗಿಸಲು ಜಾಗ ಸಾಕಾ, ಎಲ್ಲವನ್ನೂ ಹೆಡ್‌ಸೆಟ್‌ನಲ್ಲಿ ಬೇಕಾದಷ್ಟು ಸಲ ಮಾಡಿ ನೋಡಬಹುದು. ವಿಕಿರಣ ಜಾಸ್ತಿ ಇರುವ ಜಾಗವನ್ನು ಬಣ್ಣ ಹಚ್ಚಿ ತೋರಿಸಬಹುದು. ನಿಜವಾದ ವಿಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ವಾ? ನನಗೆ ಇದರ ದೊಡ್ಡ ಉಪಯೋಗ ಅನ್ನಿಸುವುದು ಇಲ್ಲೇ. ಒಳಗೆ ಹೋದ ಮೇಲೆ ತಡಕಾಡುವ ನಿಮಿಷಗಳು ಉಳಿಯುತ್ತವೆ, ಅಷ್ಟರ ಮಟ್ಟಿಗೆ ಡೋಸ್ ಕಡಿಮೆಯಾಗುತ್ತದೆ. ನಾರ್ವೆಯ ಹಾಲ್ಡೆನ್‌ನಲ್ಲಿ ಈ ಬಗೆಯ ತಂತ್ರಾಂಶದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಆಪರೇಟರ್‌ಗಳ ಕಂಟ್ರೋಲ್ ರೂಮ್ ತರಬೇತಿಯೇ ಬೇರೆ. ಅದಕ್ಕೆ ಅದೇ ಪ್ಯಾನೆಲ್, ಅದೇ ಸ್ವಿಚ್, ಅದೇ ಅಲಾರಂ ಇರುವ ಇನ್ನೊಂದು ಕೋಣೆಯನ್ನೇ ಕಟ್ಟುತ್ತಾರೆ. ಇದಕ್ಕೆ ಒತ್ತು ಬಂದದ್ದು 1979ರ ಮಾರ್ಚ್ 28ರ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅವಘಡದ ನಂತರ. ಅಲ್ಲಿ ಒತ್ತಡ ಇಳಿಸುವ ವಾಲ್ವ್ ತೆರೆದೇ ಉಳಿದಿತ್ತು. ಪ್ಯಾನೆಲ್‌ನ ದೀಪ ಮಾತ್ರ ಆರಿತ್ತು. ಆ ದೀಪ ತೋರಿಸುತ್ತಿದ್ದದ್ದು 'ಮುಚ್ಚು' ಎಂಬ ಸಿಗ್ನಲ್ ಹೋಗಿದೆ ಎಂಬುದನ್ನಷ್ಟೇ. ವಾಲ್ವ್ ಮುಚ್ಚಿದೆ ಎಂದು ನಂಬಿದ ಆಪರೇಟರ್‌ಗಳು ರಿಯಾಕ್ಟರ್ ತಣಿಸಲು ತಾನಾಗಿ ಬರುತ್ತಿದ್ದ ತುರ್ತು ನೀರನ್ನೂ ತಗ್ಗಿಸಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಸೋರಿ, ರಿಯಾಕ್ಟರ್‌ನ ಇಂಧನ ಇರುವ ಒಡಲು (ಕೋರ್) ಅರ್ಧದಷ್ಟು ಕರಗಿತು.

ತೋರಿಸುವುದು ಒಂದು, ಇರುವುದು ಇನ್ನೊಂದು ಆಗುವ ಇಂಥ ಅಪಾಯ ವಿ.ಆರ್. ಮಾಡೆಲ್‌ನಲ್ಲೂ ಇದೆ. ಸ್ಥಾವರದಲ್ಲಿ ಪೈಪ್ ಬದಲಾಗಿ ಮಾಡೆಲ್‌ನಲ್ಲಿ ಹಳೆಯದೇ ಇದ್ದರೆ, ಕಲಿತವರು ತಪ್ಪು ದಾರಿಯನ್ನೇ ಕಲಿತಿರುತ್ತಾರೆ. ವಿಕಿರಣದ ಅಳತೆಯೂ ಅಷ್ಟೇ. ಮೀಟರ್ ಹಿಡಿದು ಹೊಸದಾಗಿ ಅಳೆದು ತುಂಬದಿದ್ದರೆ ಆ ಬಣ್ಣಗಳನ್ನು ನಂಬುವಂತಿಲ್ಲ.