ಫೈರ್‌ವಾಲ್‌ಗೆ ಹಳೇ ಡೆಸ್ಕ್‌ಟಾಪ್: 94ಕ್ಕೆ ನಿಲ್ಲುವ ಸ್ಪೀಡು, ಆಗಾಗ ಕೈಕೊಡುವ ನೆಟ್ಟು

ಪ್ರಶ್ನೆ: ನಮ್ಮದು 12 ಜನರ ಆಫೀಸು. 300 ಎಂಬಿಪಿಎಸ್ ಫೈಬರ್ ಲೈನ್ ಇದೆ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಕನೆಕ್ಟ್ ಮಾಡುವ ಪಿಪಿಪಿಒಇ. ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ನಾಲ್ಕನೇ ಪೀಳಿಗೆಯ ಐ3 ಡೆಸ್ಕ್‌ಟಾಪ್‌ಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿಸಿ ಒಪಿಎನ್‌ಸೆನ್ಸ್ ಎಂಬ ಫೈರ್‌ವಾಲ್ ಸಾಫ್ಟ್‌ವೇರ್ (ಆಫೀಸಿಗೂ ಇಂಟರ್ನೆಟ್ಟಿಗೂ ನಡುವಿನ ಕಾವಲು) ಇನ್‌ಸ್ಟಾಲ್ ಮಾಡಿದ್ದೇವೆ. ಸ್ಪೀಡ್ 94 ದಾಟುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ನೆಟ್ ನಿಂತೇಹೋಗುತ್ತದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ. ನಾಲ್ಕು ಪೋರ್ಟ್ ಇರುವ ಮಿನಿ ಪಿಸಿ ತಗೊಂಡರೆ ಎಲ್ಲ ಸರಿಹೋಗುತ್ತದೆಯೇ?

ಉತ್ತರ: ಅರ್ಧ ಸರಿಹೋಗಬಹುದು, ಇನ್ನರ್ಧ ಹೊಸ ಪೆಟ್ಟಿಗೆಯ ಜೊತೆಗೇ ಬರಬಹುದು. ನೀವು ಹೇಳಿದ ಎರಡೂ ತೊಂದರೆಗಳಿಗೂ ಪ್ರೊಸೆಸರ್‌ಗೂ ಸಂಬಂಧವಿಲ್ಲ. 300 ಎಂಬಿಪಿಎಸ್‌ಗೆ ಆ ಐ3 ಧಾರಾಳವಾಗಿ ಸಾಕು. ಸಂಶಯ ಪಡಬೇಕಾದದ್ದು ಕೇಬಲ್ ಮತ್ತು ಕಾರ್ಡನ್ನು.

ಮೊದಲು ಆ 94. ಇದು ತಾನಾಗಿ ಬಾಯಿಬಿಡುವ ಸಂಖ್ಯೆ. 100 ಎಂಬಿಪಿಎಸ್ ಈಥರ್ನೆಟ್ ಲಿಂಕಿನಲ್ಲಿ ಪ್ರತಿ ಪ್ಯಾಕೆಟ್ಟಿನ ತಲೆಬರಹ, ನಡುವಿನ ಖಾಲಿ ಜಾಗ ಎಲ್ಲ ಕಳೆದು ನಿಜವಾದ ಡೇಟಾಕ್ಕೆ ಉಳಿಯುವುದು 94ರ ಆಸುಪಾಸು. ಗಿಗಾಬಿಟ್ ಲಿಂಕ್ ಆಗಿದ್ದರೆ ಅದೇ ಲೆಕ್ಕದಲ್ಲಿ 940. ಹಾಗಾಗಿ ಸ್ಪೀಡ್ ಟೆಸ್ಟ್ 70, 120, 85 ಎಂದು ಓಲಾಡದೆ ಪ್ರತಿ ಸಲವೂ 93–94ಕ್ಕೇ ಬಂದು ನಿಂತರೆ, ದಾರಿಯಲ್ಲಿ ಎಲ್ಲೋ ಒಂದು ಕೊಂಡಿ ಗಿಗಾಬಿಟ್‌ನಿಂದ 100ಕ್ಕೆ ಇಳಿದಿದೆ ಎಂದೇ ಅರ್ಥ. ಲೈನ್ ಕೊಟ್ಟವರಿಗೆ ಫೋನ್ ಮಾಡುವ ಮೊದಲು ಆ ಕೊಂಡಿ ಯಾವುದು ಎಂದು ಹುಡುಕಿ.

ಒಪಿಎನ್‌ಸೆನ್ಸ್‌ನಲ್ಲಿ ಇಂಟರ್‌ಫೇಸ್‌ಗಳ ಓವರ್‌ವ್ಯೂ ಪುಟ ತೆರೆದು ವ್ಯಾನ್ (ಹೊರಗಿನ ಇಂಟರ್ನೆಟ್ ಬದಿ), ಲ್ಯಾನ್ (ಆಫೀಸಿನ ಒಳಬದಿ) ಎರಡರ ‘ಮೀಡಿಯಾ’ ಸಾಲು ನೋಡಿ. 1000ಬೇಸ್‌ಟಿ ಎಂದಿರಬೇಕು. 100ಬೇಸ್‌ಟಿಎಕ್ಸ್ ಎಂದಿದ್ದರೆ ತಪ್ಪಿತಸ್ಥ ಆ ಬದಿಯಲ್ಲೇ ಇದ್ದಾನೆ. ಎರಡೂ ಕಡೆ 1000 ಇದ್ದರೆ ಟೆಸ್ಟ್ ಮಾಡಿದ ಪಿಸಿಯ ಕೇಬಲ್ಲನ್ನೋ ನಡುವಿನ ಹಳೇ ಸ್ವಿಚ್ಚನ್ನೋ ನೋಡಬೇಕು.

100ಕ್ಕೆ ಇಳಿಯಲು ಕಾರಣ ಬಹುಪಾಲು ತಂತಿ. 100 ಎಂಬಿಪಿಎಸ್‌ಗೆ ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು: ಪಿನ್ 1, 2, 3, 6. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಜೋಡಿ (4, 5) ಅಥವಾ ಕಂದು ಜೋಡಿ (7, 8) ಎಲ್ಲಾದರೂ ತುಂಡಾಗಿದ್ದರೆ ಲೈಟ್ ಹತ್ತುತ್ತದೆ, ನೆಟ್ ನಡೆಯುತ್ತದೆ, ಸ್ಪೀಡ್ ಮಾತ್ರ 94. ಒಂದೇ ಕೇಬಲ್ ಸೀಳಿ ಎರಡು ಪಾಯಿಂಟ್ ಕೊಟ್ಟಿರುವುದು, ಕ್ಯಾಮೆರಾದವರು ಅದೇ ನೀಲಿ–ಕಂದು ಜೋಡಿಗಳಲ್ಲಿ ಕರೆಂಟ್ ಹಾಯಿಸಿರುವುದು ಹಳೇ ಕಟ್ಟಡಗಳಲ್ಲಿ ಮಾಮೂಲು. ಇನ್ನೊಂದು, ಅಗ್ಗದ ‘ಕ್ಯಾಟ್6’ ಎಂದು ಮಾರುವ ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅದೇ. ಎರಡು ಮೂರು ಸಲ ಬಗ್ಗಿದರೆ ಕನೆಕ್ಟರಿನ ಬುಡದಲ್ಲೇ ಮುರಿಯುತ್ತದೆ. ಯಾವ ತಂತಿ ತುಂಡಾಗಿದೆ ಎಂದು ಎಂಟು ಲೈಟಿನ ಸಾದಾ ಕೇಬಲ್ ಟೆಸ್ಟರ್ ಒಂದು ನಿಮಿಷದಲ್ಲಿ ಹೇಳಿಬಿಡುತ್ತದೆ. ಎರಡೂ ತುದಿಗೆ ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು – ಈ ಕ್ರಮದಲ್ಲಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿಸಿ.

ಕೇಬಲ್ ಚೆನ್ನಾಗಿದ್ದರೆ ಫೈಬರ್ ಪೆಟ್ಟಿಗೆಯ (ಒಎನ್‌ಟಿ) ಹಿಂಭಾಗ ತಿರುಗಿಸಿ ನೋಡಿ. ಎಷ್ಟೋ ಒಎನ್‌ಟಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಗಿಗಾಬಿಟ್‌ನದಕ್ಕೆ ‘ಜಿಇ’ ಎಂದೋ, ಉಳಿದವಕ್ಕೆ ‘ಎಫ್‌ಇ’ ಎಂದೋ ಬರೆದಿರುತ್ತದೆ. ನಿಮ್ಮ ವ್ಯಾನ್ ಕೇಬಲ್ ಎಫ್‌ಇ ತೂತಿನಲ್ಲಿದ್ದರೆ ಯಾವ ಮಿನಿ ಪಿಸಿ ತಂದರೂ 94 ಅಲ್ಲಾಡುವುದಿಲ್ಲ. ಪೋರ್ಟ್ ಬದಲಿಸುವಾಗ ಒಂದು ಎಚ್ಚರಿಕೆ: ಕೆಲವು ಒಎನ್‌ಟಿಗಳಲ್ಲಿ ಬ್ರಿಡ್ಜ್ ಮೋಡನ್ನು (ಒಎನ್‌ಟಿ ತಾನೇ ಕನೆಕ್ಟ್ ಆಗದೆ ಲೈನನ್ನು ಹಾಗೇ ಫೈರ್‌ವಾಲಿಗೆ ದಾಟಿಸುವ ಏರ್ಪಾಡು) ಒಂದು ನಿರ್ದಿಷ್ಟ ಪೋರ್ಟಿಗೆ ಮಾತ್ರ ಕಟ್ಟಿರುತ್ತಾರೆ. ಆಗ ಅದನ್ನು ಲೈನ್‌ನವರೇ ಬದಲಿಸಿಕೊಡಬೇಕು.

ಇನ್ನು ಆಗಾಗ ನಿಲ್ಲುವ ವಿಷಯ. ರೀಸ್ಟಾರ್ಟ್ ಮಾಡಿದ ಕೂಡಲೇ ನೆಟ್ ಬರುತ್ತದೆ ನಿಜ, ಆದರೆ ಏನಾಗಿತ್ತು ಎಂದು ತಿಳಿಯುವ ಅವಕಾಶ ಹೋಗಿಬಿಡುತ್ತದೆ. ಮುಂದಿನ ಸಲ ನಿಂತಾಗ ಪವರ್ ಬಟನ್ ಮುಟ್ಟಬೇಡಿ. ಮಾನಿಟರ್, ಕೀಬೋರ್ಡ್ ಸಿಕ್ಕಿಸಿ. ಕೀಲಿ ಒತ್ತಿದರೆ ಪರದೆ ಪ್ರತಿಕ್ರಿಯಿಸದಿದ್ದರೆ ಯಂತ್ರವೇ ಹ್ಯಾಂಗ್ ಆಗಿದೆ. ರ‍್ಯಾಮ್, ಪವರ್ ಸಪ್ಲೈ, ಬಿಸಿ ನೋಡಬೇಕು. ಪ್ರತಿಕ್ರಿಯಿಸಿದರೆ ಒಂದು ಪಿಸಿಯಿಂದ ಫೈರ್‌ವಾಲ್‌ನ ಲ್ಯಾನ್ ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂಬ ಪರೀಕ್ಷೆ) ಮಾಡಿ. ಅದು ಬರದಿದ್ದರೆ ಲ್ಯಾನ್ ಕಾರ್ಡ್. ಬಂದರೆ ಫೈರ್‌ವಾಲ್‌ನಿಂದಲೇ 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಮಾಡಿ. ಅದೂ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ). ಬರದಿದ್ದರೆ ವ್ಯಾನ್ ಕಾರ್ಡ್ ಅಥವಾ ಪಿಪಿಪಿಒಇ. ವ್ಯಾನ್ ಕೇಬಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಹಾಕಿದಾಗ ನೆಟ್ ಬಂದುಬಿಟ್ಟರೆ ಕಾರ್ಡಿನ ಮೇಲೆ ಅನುಮಾನ ಗಟ್ಟಿ.

ಕನ್ಸೋಲಿನಲ್ಲಿ ಅಥವಾ ಸಿಸ್ಟಮ್ ಲಾಗಿನಲ್ಲಿ ‘ಆರ್‌ಇ0: ವಾಚ್‌ಡಾಗ್ ಟೈಮ್‌ಔಟ್’ ಎಂಬ ಸಾಲು ಸಿಕ್ಕರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಆರ್‌ಇ ಎಂದರೆ ರಿಯಲ್‌ಟೆಕ್ ಚಿಪ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಗಿಗಾಬಿಟ್ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಅದರ 8111/8168 ಸರಣಿಯೇ. ವಿಂಡೋಸ್‌ನಲ್ಲಿ ಅದರದ್ದೇನೂ ತಕರಾರಿಲ್ಲ. ಪಿಎಫ್‌ಸೆನ್ಸ್ (ಇಂಥದ್ದೇ ಇನ್ನೊಂದು ಫೈರ್‌ವಾಲ್), ಒಪಿಎನ್‌ಸೆನ್ಸ್ ಎರಡೂ ನಿಂತಿರುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ, ಅದರೊಳಗಿನ ಡ್ರೈವರಿಗೂ ಈ ಚಿಪ್ಪಿಗೂ ಹೆಚ್ಚು ಲೋಡಿನಲ್ಲಿ ಹೊಂದಿಕೆಯಾಗುವುದಿಲ್ಲ. ಕಳಿಸು ಎಂದು ಕೊಟ್ಟ ಪ್ಯಾಕೆಟ್ಟು ಹೋಯಿತೆಂದು ಕಾರ್ಡ್ ಹೊತ್ತಿಗೆ ಸರಿಯಾಗಿ ಹೇಳುವುದಿಲ್ಲ, ಡ್ರೈವರ್ ಕಾದು ಬೇಸತ್ತು ಕಾರ್ಡನ್ನೇ ರೀಸೆಟ್ ಮಾಡುತ್ತದೆ. ಹಲವು ಸಲ ಹೀಗಾದ ಮೇಲೆ ಕಾರ್ಡ್ ಏಳುವುದೇ ಇಲ್ಲ.

ಖರ್ಚಿಲ್ಲದ ಮದ್ದು: ಒಪಿಎನ್‌ಸೆನ್ಸ್‌ನ ಫರ್ಮ್‌ವೇರ್ ಪುಟದ ಪ್ಲಗಿನ್ ಪಟ್ಟಿಯಲ್ಲಿ ‘ಓಎಸ್-ರಿಯಲ್‌ಟೆಕ್-ಆರ್‌ಇ’ ಇದೆ. ಅದು ಚಿಪ್ ತಯಾರಕರದೇ ಡ್ರೈವರ್. ಹಾಕಿ ರೀಬೂಟ್ ಮಾಡಿ, ಒಂದು ವಾರ ನೋಡಿ. ಜೊತೆಗೆ ಇಂಟರ್‌ಫೇಸ್ ಸೆಟ್ಟಿಂಗ್‌ನಲ್ಲಿ ಚೆಕ್‌ಸಮ್, ಟಿಎಸ್‌ಒ, ಎಲ್‌ಆರ್‌ಒ ಆಫ್‌ಲೋಡ್ (ಪ್ಯಾಕೆಟ್ಟಿನ ಕೆಲಸವನ್ನು ಕಾರ್ಡಿಗೇ ವಹಿಸುವ ಆಯ್ಕೆಗಳು) ಮೂರೂ ಆಫ್ ಇರಲಿ. ಕೊನೆಯ ಎರಡು ಸರ್ವರ್‌ಗಳಿಗೆ ಇರುವ ಸೌಲಭ್ಯ. ಪ್ಯಾಕೆಟ್ಟನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಕೊಡುವ ಯಂತ್ರಕ್ಕೆ ಉಪಕಾರಕ್ಕಿಂತ ಉಪದ್ರವವೇ ಜಾಸ್ತಿ.

ಖರ್ಚಿರುವ ಮದ್ದು ಇಂಟೆಲ್ ಕಾರ್ಡ್. ಒಂದೇ ಪೋರ್ಟ್ ಸಾಕಾದರೆ ಪ್ರೊ/1000 ಸಿಟಿ ಅಥವಾ ಐ210 ಚಿಪ್ಪಿನದು. ಇವು ಚಿಕ್ಕ ಎಕ್ಸ್1 ಸ್ಲಾಟಿನಲ್ಲಿ ಕೂರುತ್ತವೆ. ಎರಡೋ ನಾಲ್ಕೋ ಪೋರ್ಟ್ ಬೇಕಾದರೆ ಐ350. ಅದಕ್ಕೆ ಎಕ್ಸ್4 ಉದ್ದದ ಸ್ಲಾಟ್ ಬೇಕು, ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದು ಬಿಟ್ಟಿರುವ ಎಕ್ಸ್16 ಜಾಗಕ್ಕೆ ಹಾಕಿದರೆ ಆಯಿತು. ಸಣ್ಣ ಗಾತ್ರದ ಡೆಸ್ಕ್‌ಟಾಪ್ ಆಗಿದ್ದರೆ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಇದೆಯೇ ಎಂದು ಕೇಳಿಯೇ ತನ್ನಿ. ಐ350ಯಲ್ಲಿ ನಕಲಿ ಮಾಲು ಬಹಳ. ‘ಹೊಸದು’ ಎಂದು ಅರ್ಧ ಬೆಲೆಗೆ ಸಿಗುವುದಕ್ಕಿಂತ ದೊಡ್ಡ ಕಂಪನಿಗಳ ಹಳೇ ಸರ್ವರಿನಿಂದ ತೆಗೆದ, ಸರ್ವರ್ ಬ್ರಾಂಡಿನ ಲೇಬಲ್ ಇರುವ ಕಾರ್ಡೇ ವಾಸಿ. ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಮಾತ್ರ ಬೇಡ.

ಹಾಗಿದ್ದರೆ ಮಿನಿ ಪಿಸಿ ಬೇಡವೇ ಬೇಡವೇ? ಬೇಕಾಗಬಹುದು, ಆದರೆ ಕಾರಣ ಕರೆಂಟ್ ಬಿಲ್ಲು. ಡೆಸ್ಕ್‌ಟಾಪ್ ಸುಮ್ಮನಿದ್ದಾಗಲೂ 45 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 394 ಯೂನಿಟ್. 12 ವ್ಯಾಟಿನ ಪೆಟ್ಟಿಗೆಗೆ 105. ಉಳಿಯುವ 289 ಯೂನಿಟ್ಟನ್ನು ನಿಮ್ಮ ಮೀಟರಿನ ದರಕ್ಕೆ ಗುಣಿಸಿ, ಪೆಟ್ಟಿಗೆಯ ಬೆಲೆ ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಕೊಳ್ಳುವುದೇ ಆದರೆ ಇಂಟೆಲ್ ಎನ್100 ಪ್ರೊಸೆಸರ್, ನಾಲ್ಕು ಐ226-ವಿ (ಇಂಟೆಲ್‌ನ ನೆಟ್‌ವರ್ಕ್ ಚಿಪ್) ಪೋರ್ಟ್, 8 ಜಿಬಿ ರ‍್ಯಾಮ್, 128 ಜಿಬಿ ಎಸ್‌ಎಸ್‌ಡಿ. ಅದಕ್ಕಿಂತ ಮೇಲಿನದಕ್ಕೆ 12 ಜನರ ಆಫೀಸಿನಲ್ಲಿ ಕೆಲಸವೇ ಇಲ್ಲ. ಹಿಂದಿನ ಐ225-ವಿ ಚಿಪ್ಪಿನ ಮೊದಮೊದಲ ತಳಿಗಳಲ್ಲಿ ಹಾರ್ಡ್‌ವೇರ್ ದೋಷವೇ ಇತ್ತು, ಹಳೇ ಸ್ಟಾಕ್ ಬೇಡ. ಇನ್ನೂ ಹಳೆಯ ಜೆ1900 ಪೆಟ್ಟಿಗೆಗಳು ಪುಕ್ಕಟೆ ಸಿಕ್ಕರೂ ಮುಟ್ಟಬೇಡಿ, ಅವುಗಳಲ್ಲಿ ಎಇಎಸ್-ಎನ್‌ಐ (ಗೂಢಲಿಪಿಯ ಲೆಕ್ಕವನ್ನು ಪ್ರೊಸೆಸರ್ ಬೇಗ ಮಾಡುವ ಸೌಲಭ್ಯ) ಇಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಬರುವ ಆ್ಯಟಮ್ ಸಿ2000 ಸರಣಿಯ ಫೈರ್‌ವಾಲ್‌ಗಳಲ್ಲಿ ಗಡಿಯಾರದ ಸಿಗ್ನಲ್ ಕೊಡುವ ಭಾಗ ವರ್ಷಗಳು ಕಳೆದಂತೆ ಸವೆದು ಯಂತ್ರ ಬೂಟ್ ಆಗುವುದೇ ನಿಂತುಹೋಗುವ ದೋಷ 2017ರಲ್ಲಿ ಬಯಲಾಯಿತು. ನಂತರ ತಿದ್ದಿದ ಚಿಪ್ ಬಂದರೂ ಹೊರಗಿನಿಂದ ನೋಡಿ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಎಇಎಸ್-ಎನ್‌ಐ ಬಗ್ಗೆ ವಿಪರೀತ ತಲೆಕೆಡಿಸಿಕೊಳ್ಳುವವರೂ ಇದ್ದಾರೆ. ವಿಪಿಎನ್‌ಗೆ (ಹೊರಗಿನಿಂದ ಆಫೀಸಿಗೆ ಬರುವ ಗುಪ್ತ ದಾರಿ) ಓಪನ್‌ವಿಪಿಎನ್, ಐಪಿಸೆಕ್ ಬಳಸುವವರಿಗೆ ಅದು ಬೇಕು. ಡೆಸ್ಕ್‌ಟಾಪ್ ಐ3ಗಳಲ್ಲಿ ಅದು ಬಂದದ್ದು ನಾಲ್ಕನೇ ಪೀಳಿಗೆಯಿಂದ, ಅಂದರೆ ನಿಮ್ಮದರಲ್ಲಿ ಇದೆ. ವೈರ್‌ಗಾರ್ಡ್ ಎಂಬ ವಿಪಿಎನ್ ಬೇರೆ ಗೂಢಲಿಪಿ ಬಳಸುವುದರಿಂದ ಅದಕ್ಕೆ ಇದರ ಹಂಗಿಲ್ಲ.

ಮುಂದೆ ಗಿಗಾಬಿಟ್ ಲೈನ್ ತಗೊಳ್ಳುವ ಯೋಚನೆ ಇದ್ದರೆ ಪಿಪಿಪಿಒಇ ಬಗ್ಗೆ ಒಂದು ಮಾತು. ನೆಟ್‌ವರ್ಕ್ ಕಾರ್ಡ್ ಒಳಬರುವ ಪ್ಯಾಕೆಟ್ಟುಗಳ ಐಪಿ ವಿಳಾಸ ನೋಡಿ ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತದೆ. ಪಿಪಿಪಿಒಇಯಲ್ಲಿ ಆ ವಿಳಾಸದ ಮುಂದೆ 8 ಬೈಟಿನ ಇನ್ನೊಂದು ಹೊದಿಕೆ ಇರುತ್ತದೆ. ಅದರ ಆಚೆಗೆ ಕಾರ್ಡಿಗೆ ಕಾಣುವುದಿಲ್ಲ, ಎಲ್ಲವನ್ನೂ ಒಂದೇ ಸಾಲಿಗೆ ತಳ್ಳುತ್ತದೆ. ಒಂದು ಕೋರ್ ಬೆವರು ಸುರಿಸುವಾಗ ಉಳಿದ ಮೂರು ನೋಡುತ್ತಾ ಕೂತಿರುತ್ತವೆ. ಆದ್ದರಿಂದ ಕೋರ್‌ಗಳ ಎಣಿಕೆಗಿಂತ ಒಂದು ಕೋರಿನ ವೇಗ ಮುಖ್ಯ. ಟ್ಯೂನಬಲ್‌ಗಳಲ್ಲಿ ‘ನೆಟ್.ಐಎಸ್‌ಆರ್.ಡಿಸ್ಪ್ಯಾಚ್’ ಎಂಬುದನ್ನು ‘ಡಿಫರ್ಡ್’ ಮಾಡಿದರೆ ಹಂಚಿಕೆ ಸ್ವಲ್ಪ ಸುಧಾರಿಸುತ್ತದೆ. ಅದೇ 8 ಬೈಟಿನಿಂದಾಗಿ ವ್ಯಾನ್ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500 ಅಲ್ಲ, 1492. ಇದು ತಪ್ಪಿದ್ದರೆ ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೇ ನಿಲ್ಲುತ್ತವೆ. ಎಂಎಸ್‌ಎಸ್ (ಅದರೊಳಗೆ ನಿಜವಾದ ಡೇಟಾಕ್ಕೆ ಉಳಿಯುವ ಗಾತ್ರ) 1452 ಆಗಿರಬೇಕು.

ಮಿನಿ ಪಿಸಿ ಕೈಗೆ ಬಂದ ಮೇಲೂ ಮೂರು ಕೆಲಸ ಇವೆ. ಬಯೋಸ್‌ನಲ್ಲಿ ಎಎಸ್‌ಪಿಎಂ ಎಂಬ ವಿದ್ಯುತ್ ಉಳಿತಾಯ ಆಫ್ ಮಾಡಿ, ಐ226 ಲಿಂಕ್ ಸುಮ್ಮಸುಮ್ಮನೆ ಬಿದ್ದು ಏಳುವುದಕ್ಕೆ ಅದೊಂದು ಕಾರಣ. ತಾಪಮಾನ ನೋಡಿ: ಫ್ಯಾನ್ ಇಲ್ಲದ ಪೆಟ್ಟಿಗೆಯ ಮೈ ತಣ್ಣಗಿದ್ದು ಪ್ರೊಸೆಸರ್ 85–90 ಡಿಗ್ರಿ ತೋರಿಸುತ್ತಿದ್ದರೆ ಹಿಗ್ಗುವ ವಿಷಯವಲ್ಲ. ಬಿಸಿ ಹೊರಗೇ ಬರುತ್ತಿಲ್ಲ, ಒಳಗಿನ ಪೇಸ್ಟ್ ಸರಿಯಾಗಿ ಅಂಟಿಲ್ಲ. ಬಿಚ್ಚಿ ಹೊಸ ಪೇಸ್ಟ್ ಹಚ್ಚಬೇಕು. ಮೂರನೆಯದು, ಆ ನಾಲ್ಕು ಪೋರ್ಟ್ ಸ್ವಿಚ್ ಅಲ್ಲ. ಮೂರನ್ನು ಬ್ರಿಡ್ಜ್ ಮಾಡಿ ಸ್ವಿಚ್ಚಿನಂತೆ ಬಳಸಿದರೆ ಆಫೀಸಿನೊಳಗಿನ ಫೈಲ್ ಕಾಪಿಗೂ ಪ್ರೊಸೆಸರ್ ದುಡಿಯಬೇಕು. ಸಾಕಷ್ಟು ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದು ತನ್ನಿ.

ಡೆಸ್ಕ್‌ಟಾಪನ್ನೇ ಮುಂದುವರಿಸುತ್ತೀರಾದರೆ ಇಂದೇ ಅದರ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ. ತಮಾಷೆಯಲ್ಲ. ಸೆಲ್ ಸತ್ತ ಯಂತ್ರ ಕರೆಂಟ್ ಹೋಗಿ ಬಂದಾಗ ಹಳೇ ತಾರೀಕಿಗೆ ಹೋಗುತ್ತದೆ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿಯೇ ಎಂದು ಸಹಿ ನೋಡುವ ಏರ್ಪಾಡು) ಆನ್ ಇದ್ದರೆ ಸಹಿಗಳ ದಿನಾಂಕ ಹೊಂದದೆ ಯಾವ ಹೆಸರೂ ಸಿಗುವುದಿಲ್ಲ. ಸಮಯ ಸರಿಮಾಡಿಕೊಳ್ಳೋಣವೆಂದರೆ ಟೈಮ್ ಸರ್ವರಿನ ಹೆಸರೇ ಸಿಗುತ್ತಿಲ್ಲ! ಪಿಂಗ್ ಬರುತ್ತದೆ, ಸೈಟ್ ತೆರೆಯುವುದಿಲ್ಲ. ಸೆಲ್ ಜೊತೆ ಬಯೋಸ್ ಸೆಟ್ಟಿಂಗೂ ಅಳಿಸಿಹೋಗುವುದರಿಂದ ‘ಕರೆಂಟ್ ಬಂದಾಗ ತಾನೇ ಆನ್ ಆಗು’ ಎಂಬ ಆಯ್ಕೆಯೂ ಹೋಗಿರುತ್ತದೆ. ಸೆಲ್ ಹಾಕಿದ ಮೇಲೆ ಅದನ್ನು ಮತ್ತೆ ಆನ್ ಮಾಡಿ. ಇನ್‌ಸ್ಟಾಲ್ ಮಾಡುವಾಗ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಇಡುವ ಕ್ರಮ) ಕೇಳಿದಾಗ ಯುಎಫ್‌ಎಸ್ ಬದಲು ಝಡ್‌ಎಫ್‌ಎಸ್ ಆರಿಸಿ, ಹಠಾತ್ ಕರೆಂಟ್ ಹೋದರೆ ತಾಳಿಕೊಳ್ಳುತ್ತದೆ. ಸಾದಾ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆಗಿರಲಿ, ಒಎನ್‌ಟಿಯ ಅಡಾಪ್ಟರೂ ಅದೇ ಲೈನಿನಲ್ಲಿರಲಿ. ಮಲೆನಾಡು, ಕರಾವಳಿಯವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಎಳೆದಿದ್ದರೆ ಗುಡುಗಿನ ದಿನ ಮೊದಲು ಸುಡುವುದು ಫೈರ್‌ವಾಲಿನ ಲ್ಯಾನ್ ಪೋರ್ಟು. ಅಲ್ಲಿ ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಇಡುವುದೇ ಸರಿ.

ಹೊರಗಿನಿಂದ ವಿಪಿಎನ್‌ನಲ್ಲಿ ಆಫೀಸಿನ ಟ್ಯಾಲಿಗೆ ಬರುವ ಉದ್ದೇಶ ಇದ್ದರೆ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ನೀವು ಲೈನ್‌ನವರ ಸಿಜಿನ್ಯಾಟ್ (ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಏರ್ಪಾಡು) ಹಿಂದೆ ಇದ್ದೀರಿ. ಹೊರಗಿನಿಂದ ಒಳಗೆ ಆ ವಿಳಾಸಕ್ಕೆ ನೇರ ದಾರಿ ಇಲ್ಲ, ಯಾವ ಹಾರ್ಡ್‌ವೇರೂ ಅದನ್ನು ತೆರೆಯಲಾರದು. ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಿ ಪಡೆಯಬೇಕು.

ಕಾರ್ಡನ್ನೋ ಪೆಟ್ಟಿಗೆಯನ್ನೋ ಬದಲಿಸುವ ಮುನ್ನ ಕಾನ್ಫಿಗರೇಶನ್ ಬ್ಯಾಕಪ್ ಫೈಲನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ವ್ಯಾನ್ ಕಾರ್ಡಿನ ಮ್ಯಾಕ್ ವಿಳಾಸವನ್ನು (ಪ್ರತಿ ಕಾರ್ಡಿಗೂ ಇರುವ ಗುರುತಿನ ಸಂಖ್ಯೆ) ಕಾಗದದಲ್ಲಿ ಬರೆದಿಡಿ. ಹೊಸ ಕಾರ್ಡಿನಲ್ಲಿ ಆರ್‌ಇ0 ಹೆಸರು ಹೋಗಿ ಐಜಿಬಿ0ದಂಥ ಬೇರೆ ಹೆಸರು ಬರುವುದರಿಂದ ಮೊದಲ ಬೂಟಿನಲ್ಲಿ ಕನ್ಸೋಲಿನಿಂದ ವ್ಯಾನ್, ಲ್ಯಾನ್ ಮತ್ತೆ ನಿಗದಿ ಮಾಡಬೇಕು. ಎಲ್ಲ ಸರಿಯಿದ್ದೂ ಕನೆಕ್ಟ್ ಆಗದಿದ್ದರೆ ಲೈನ್‌ನವರು ಹಳೇ ಮ್ಯಾಕ್‌ಗೆ ಕಟ್ಟಿಹಾಕಿರುತ್ತಾರೆ. ಬರೆದಿಟ್ಟದ್ದನ್ನು ವ್ಯಾನ್ ಸೆಟ್ಟಿಂಗಿನ ಮ್ಯಾಕ್ ಜಾಗದಲ್ಲಿ ತುಂಬಿ, ಹಳೇ ಸೆಷನ್ ಅವರ ಕಡೆ ಕಡಿಯುವವರೆಗೆ ಕೆಲವು ನಿಮಿಷ ಕಾದು, ಮತ್ತೆ ಕನೆಕ್ಟ್ ಕೊಡಿ.