ಮೌಸ್ ಯಾರ ಕೈಯಲ್ಲಿದೆ?

ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿ ಗೊತ್ತಲ್ವಾ? ಕರ್ನಾಟಕದ ಹಳ್ಳಿ ಮಕ್ಕಳಿಗೆ ಟಿವಿ ಪಾಠ ಮೊದಲು ಇಳಿದದ್ದು ಅಂಥದ್ದೇ ಜಾಲರಿಗೆ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಂದು ಉಪಗ್ರಹದಿಂದ ನೇರ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸುವ ‘ಸೈಟ್’ ಎಂಬ ಪ್ರಯೋಗವನ್ನು ಇಸ್ರೊ ಶುರು ಮಾಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಊರುಗಳು. ಸಿಗ್ನಲ್ ಹಿಡಿಯಲು ಹತ್ತು ಅಡಿ ಅಗಲದ ಆಂಟೆನಾ ಬೇಕಿತ್ತು. ಖರ್ಚು ಇಳಿಸಲು ಅದಕ್ಕೆ ಕೋಳಿ ಜಾಲರಿಯನ್ನೇ ಬಿಗಿದರು.

ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಊರವರಿಗೆ. ಬೆಳಗಿನ ಹೊತ್ತನ್ನು ನಾಲ್ಕು ಭಾಷೆಗಳು ಹಂಚಿಕೊಂಡಿದ್ದವು. ಕನ್ನಡದ ಪಾಲಿಗೆ ಬಂದದ್ದು ಸುಮಾರು 22 ನಿಮಿಷ. ಬೆಂಗಳೂರಿಗೇ ಆಗಿನ್ನೂ ದೂರದರ್ಶನ ಇರಲಿಲ್ಲ. ಅದು ಬಂದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲು ರಾಯಚೂರಿನ ಹಳ್ಳಿ ಹುಡುಗರು ಟಿವಿ ನೋಡಿದರು ಅಂದರೆ ಈಗಲೂ ಮಜಾ ಅನಿಸುತ್ತದೆ. 1976ರ ಜುಲೈ 31ಕ್ಕೆ ಎರವಲಿನ ಗಡುವು ಮುಗಿಯಿತು, ಪ್ರಯೋಗವೂ ಮುಗಿಯಿತು.

ಹತ್ತು ವರ್ಷ ಕಳೆದ ಮೇಲೆ, 1986ರ ಶಿಕ್ಷಣ ನೀತಿಯ ಬೆನ್ನಿಗೆ, ಕೇಂದ್ರ ಸರ್ಕಾರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಮೇಷ್ಟ್ರು, ಕಪ್ಪು ಹಲಗೆ, ಒಂದಿಷ್ಟು ಪಾಠೋಪಕರಣ. ಮೊದಲು ಉಪಗ್ರಹ, ಆಮೇಲೆ ಕರಿಹಲಗೆ! ಶಾಲೆಗೆ ತಂತ್ರಜ್ಞಾನ ತರುವ ನಮ್ಮ ಕ್ರಮ ಅಂದಿನಿಂದಲೂ ಹೀಗೇ ಹಿಂದುಮುಂದು.

ಕಂಪ್ಯೂಟರ್ ಸರದಿ ಬಂದದ್ದು 2000ದ ಆಸುಪಾಸಿನಲ್ಲಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಆಟ ಆಡುತ್ತಾ ಕಲಿಯುವ ಸಿ.ಡಿ.ಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಮಾಡಿಸಿತು. ಆದರೆ ಲೆಕ್ಕ ಎಲ್ಲೋ ತಪ್ಪುತ್ತಿತ್ತು. ಕಂಪ್ಯೂಟರ್ ಬೆರಳೆಣಿಕೆಯಷ್ಟು, ಮಕ್ಕಳು ತರಗತಿ ತುಂಬ. ಒಂದು ಪರದೆಯ ಮುಂದೆ ಐದಾರು ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಮೌಸ್ ಹಿಡಿಯುವವರು ಮಾತ್ರ ಒಬ್ಬರೇ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಕೆಂಟಾರೊ ಟೊಯಾಮಾ ಮತ್ತು ಗೆಳೆಯರು ಗಮನಿಸಿದ್ದು ಇದನ್ನೇ. ಮೌಸ್ ಹೆಚ್ಚಾಗಿ ಸಿಗುತ್ತಿದ್ದದ್ದು ಗಂಡು ಹುಡುಗರಿಗೆ, ಅದರಲ್ಲೂ ಮೇಲ್ಜಾತಿಯ, ಅನುಕೂಲಸ್ಥ ಮನೆಯವರಿಗೆ. ಉಳಿದವರು ಹಿಂದೆ ನಿಂತು ನೋಡುವವರು. ಊರಲ್ಲಿ ಯಾರು ಮುಂದೆ, ಯಾರು ಹಿಂದೆ ಅನ್ನೋ ಸಾಲು ಆ ಪರದೆ ಮುಂದೆಯೂ ಹಾಗೇ ಇತ್ತು. ಅದಕ್ಕೆ ಅವರು ಹೂಡಿದ ಉಪಾಯ ‘ಮಲ್ಟಿಪಾಯಿಂಟ್’. ಒಂದೇ ಕಂಪ್ಯೂಟರಿಗೆ ಹಲವು ಮೌಸ್, ಪ್ರತಿ ಮಗುವಿಗೂ ಪರದೆ ಮೇಲೆ ಬೇರೆ ಬೇರೆ ಬಣ್ಣದ ಬಾಣ. ಮಕ್ಕಳು ಕುಣಿದಾಡಿದರು. ಆದರೆ ಟೊಯಾಮಾ ಕೊನೆಗೆ ತಲುಪಿದ ತೀರ್ಮಾನ ಬೇರೆ. ಯಂತ್ರ ಇದ್ದದ್ದನ್ನು ಹಿಗ್ಗಿಸುತ್ತದೆ ಅಷ್ಟೇ: ಶಾಲೆ ಚೆನ್ನಾಗಿದ್ದರೆ ಒಳ್ಳೆಯದನ್ನು, ಹದಗೆಟ್ಟಿದ್ದರೆ ಕೆಟ್ಟದ್ದನ್ನು. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಅನುರಾಗ್ ಬೆಹರ್ ಕೂಡ 2010ರಲ್ಲಿ ಪತ್ರಿಕೆಯಲ್ಲೇ ಬರೆದು, ಕಂಪ್ಯೂಟರ್ ಪಾಠಕ್ಕೆ ಮಿತಿ ಇದೆ ಎಂದು ಒಪ್ಪಿಕೊಂಡರು. ಸ್ವತಃ ಕೈಹಾಕಿ ನೋಡಿದವರು ಹೀಗೆ ಹೇಳುವುದು ಅಪರೂಪ.

ಅದೇ ಹೊತ್ತಿಗೆ ರೇಡಿಯೊ ಸದ್ದಿಲ್ಲದೆ ಒಳ್ಳೆ ಕೆಲಸ ಮಾಡುತ್ತಿತ್ತು. ಆಕಾಶವಾಣಿಯಲ್ಲಿ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಪಾಠಗಳು ಬರುತ್ತಿದ್ದವು. ಚಿನ್ನರ ಚುಕ್ಕಿಯ ರೇಡಿಯೊ ಸುಮ್ನೆ ಮಾತಾಡುತ್ತಾ ಹೋಗುವುದಿಲ್ಲ. ಪ್ರಶ್ನೆ ಕೇಳಿ ನಿಲ್ಲುತ್ತದೆ. ಮಕ್ಕಳು ಒಕ್ಕೊರಲಿನಿಂದ ಕೂಗಿ ಉತ್ತರ ಹೇಳುತ್ತಾರೆ. ಹಾಡು ಬಂದರೆ ಎದ್ದು ಕುಣಿಯುತ್ತಾರೆ. ಮೇಷ್ಟ್ರು ಪಕ್ಕದಲ್ಲಿ ನಿಂತು ಆಟ ಆಡಿಸಲೇಬೇಕು, ಸೆಟ್ ಹಚ್ಚಿ ಹೊರಗೆ ಹೋಗುವಂತಿಲ್ಲ. ಇಲ್ಲಿ ಮೌಸ್ ಜಗಳವೂ ಇಲ್ಲ. ನನ್ನ ಮಟ್ಟಿಗೆ ಎಲ್ಲದರಲ್ಲೂ ಜಾಣ ಪ್ರಯೋಗ ಇದೇ.

2004ರ ಸೆಪ್ಟೆಂಬರಿನಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಹಾರಿಸಿತು. ಈ ಸಲ ಸ್ವಂತ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಡಿಶ್, ಟಿವಿ ಬಂದವು. 2010ರಲ್ಲಿ ಉಪಗ್ರಹದ ಆಯುಸ್ಸು ತೀರಿತು. ಇಂಥ ಯೋಜನೆ ಮುಗಿದ ಮೇಲೆ ಟಿವಿ ಎಲ್ಲಿಗೆ ಹೋಗುತ್ತದೆ ಅಂತ ಮೇಷ್ಟ್ರುಗಳನ್ನು ಕೇಳಬೇಕಿಲ್ಲ. ಹೆಡ್ ಮಾಸ್ಟರ್ ರೂಮಿನ ಮೂಲೆ, ಮೇಲೊಂದು ಬಟ್ಟೆ. ಸ್ಟಾಕ್ ರಿಜಿಸ್ಟರಿನಲ್ಲಿ ನಂಬರ್ ಇರುತ್ತದೆ, ಹಾಗಾಗಿ ಎಸೆಯುವಂತೆಯೂ ಇಲ್ಲ.

ನಂತರ ಬಂತು 2020. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಜೂನ್‌ನಲ್ಲಿ ಸರ್ಕಾರ ಐದನೇ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡ ಎಂದಿತು. ಜುಲೈ 8ರಂದು ಹೈಕೋರ್ಟ್ ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು. ಚಿಕ್ಕ ಮಕ್ಕಳು ಪರದೆ ನೋಡಬೇಕೋ ಬೇಡವೋ ಅಂತ ಊರೆಲ್ಲ ಚರ್ಚೆ. ಸರ್ಕಾರಿ ಶಾಲೆಯ ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಏಳಲೇ ಇಲ್ಲ, ಫೋನೇ ಇರಲಿಲ್ಲ.

ಅವರಿಗಾಗಿ ಬಂದದ್ದು ಸರ್ಕಾರದ ‘ವಿದ್ಯಾಗಮ’ ಯೋಜನೆ, ಮಕ್ಕಳಿದ್ದ ಕಡೆಗೇ ಪಾಠ. ಅದರಲ್ಲಿ ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಾಗಿ ವಿಂಗಡಿಸಿದರು. ಫೋನ್ ಇಲ್ಲದವರು ಒಂದು ಕೊಠಡಿ, ಸಾದಾ ಫೋನಿನವರು ಇನ್ನೊಂದು, ಇಂಟರ್‌ನೆಟ್ ಫೋನಿನವರು ಮತ್ತೊಂದು. ಎಟಿಎಸ್-6 ಕಾಲದಿಂದ ಯಾರೂ ಬಾಯಿಬಿಟ್ಟು ಹೇಳದ ಲೆಕ್ಕವನ್ನು ಇಲಾಖೆ ಮೊದಲ ಬಾರಿ ಪಟ್ಟಿ ಮಾಡಿ ಬರೆದಿತ್ತು. ಮೊದಲ ಕೊಠಡಿಯ ಮಕ್ಕಳಿಗೆ ಪಾಠ ನಡೆದದ್ದು ಗುಡಿ ಕಟ್ಟೆಯಲ್ಲಿ, ಮರದ ಕೆಳಗೆ, ಯಾರದೋ ಮನೆ ಜಗಲಿಯಲ್ಲಿ. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ.

ಈಗ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕೆ ಆ್ಯಪ್ ‘ದೀಕ್ಷಾ’ದಲ್ಲಿ ವಿಡಿಯೊ ತೆರೆಯುತ್ತದೆ. ಪುಸ್ತಕ ಮಗುವಿನ ಬ್ಯಾಗಿನಲ್ಲಿದೆ. ಫೋನ್ ಅಪ್ಪನ ಜೇಬಿನಲ್ಲಿದೆ, ಅಪ್ಪ ಕೂಲಿಗೆ ಹೋಗಿದ್ದಾನೆ.